ಮನೆಯ ಬಾಗಿಲೂ ಗುಡ್ಡದ ಇಳಿಜಾರೂ



ಕೆಲವು ವರ್ಷಗಳಿಂದ ನಮ್ಮ ಸಂಘದ ಕಛೇರಿಗೆ ಒಂದು ಹೊಸ ಬಗೆಯ ಸಾಲದ ಅರ್ಜಿ ಬರತೊಡಗಿದೆ. ಅರ್ಜಿಯಲ್ಲಿ ಉದ್ದೇಶ ‘ಮನೆ ರಿಪೇರಿ’ ಎಂದಿರುತ್ತದೆ. ವಿಚಾರಿಸಿದರೆ ಮಾಡು ಸೋರುತ್ತಿರುವುದಿಲ್ಲ, ಗೋಡೆ ಬಿರಿದಿರುವುದಿಲ್ಲ. ಮುಂಬಾಗಿಲು ದಕ್ಷಿಣಕ್ಕಿದೆ, ಅದನ್ನು ಮುಚ್ಚಿ ಬೇರೆ ದಿಕ್ಕಿಗೆ ತೆರೆಯಬೇಕು. ಅಂಗಳ ತಪ್ಪು ದಿಕ್ಕಿನಲ್ಲಿದೆ, ಹಿತ್ತಲ ದರೆ ಕಡಿದು ಅಲ್ಲಿ ಅಂಗಳ ಮಾಡಬೇಕು. ಬಾವಿ ಮುಚ್ಚಿ ಈಶಾನ್ಯದಲ್ಲಿ ಇನ್ನೊಂದು ತೋಡಬೇಕು, ಹೀಗೆಂದು ವಾಸ್ತು ಪಂಡಿತರೊಬ್ಬರು ಹೇಳಿ ಹೋಗಿದ್ದಾರೆ ಎಂಬ ಉತ್ತರ ಸಿಗುತ್ತದೆ. ಇದು ಅವರವರ ಮನೆಯ ಮಾತು, ಸಂಘಕ್ಕೇನು ಸಂಬಂಧ ಎಂದು ಕೆಲವರು ಕೇಳಬಹುದು. ಸಾಲ ಸಂಘದ್ದು, ತೀರಿಸಬೇಕಾದ ಬೆಳೆ ತೋಟದ್ದು, ಕಡಿಯುವ ಗುಡ್ಡದ ಕೆಳಗಿರುವ ಮನೆ ಇನ್ನೊಬ್ಬ ಸದಸ್ಯನದು. ಆದಕಾರಣ ನಾಲ್ಕು ಮಾತು ಬರೆಯುವುದು ನಮ್ಮ ಕರ್ತವ್ಯವೆಂದು ಭಾವಿಸಿದ್ದೇವೆ.

ಮೊದಲಿಗೆ ಒಂದು ಸ್ಪಷ್ಟನೆ. ಯಾರ ನಂಬಿಕೆಯನ್ನೂ ಹಗುರ ಮಾಡುವ ಉದ್ದೇಶ ನಮಗಿಲ್ಲ. ಎಲೆಚುಕ್ಕೆ ರೋಗ ಬಂದು ಸೋಗೆ ಒಣಗಿ, ಎರಡು ಮೂರು ವರ್ಷ ಫಸಲು ಕೈಕೊಟ್ಟ ಮನೆಯಲ್ಲಿ ‘ನಮಗೇ ಏಕೆ ಹೀಗೆ?’ ಎಂಬ ಪ್ರಶ್ನೆ ಏಳುವುದು ಸಹಜ. ಬಿಳಿ ಕಾಂಡಕೊರಕ ಹಿಡಿದು ಅರೇಬಿಕಾ ಗಿಡಗಳನ್ನು ಸಾಲಾಗಿ ಕಿತ್ತು ಸುಟ್ಟವನಿಗೂ ಅದೇ ಪ್ರಶ್ನೆ. ಆ ಹೊತ್ತಿಗೆ ಯಾರಾದರೂ ಬಂದು ‘ನಿಮ್ಮ ಬಾಗಿಲಿನದೇ ದೋಷ’ ಎಂದರೆ, ಕಾರಣ ಸಿಕ್ಕಿತಲ್ಲ ಎಂದು ಮನಸ್ಸಿಗೆ ಒಂದು ಬಗೆಯ ನಿರಾಳವಾಗುತ್ತದೆ. ಆದರೆ ಒಂದೇ ಕಣಿವೆಯಲ್ಲಿ ನಿಂತು ಸುತ್ತ ನೋಡೋಣ. ಎಲೆಚುಕ್ಕೆ ಶಿಲೀಂಧ್ರದಿಂದ ಬರುವ ರೋಗ, ಮಳೆ ಗಾಳಿಯಲ್ಲಿ ಹರಡುವಂಥದು. ಪೂರ್ವಕ್ಕೆ ಬಾಗಿಲಿರುವ ಮನೆಯ ತೋಟವನ್ನು ಬಿಟ್ಟು ದಕ್ಷಿಣಕ್ಕೆ ಬಾಗಿಲಿರುವವನ ತೋಟಕ್ಕೆ ಮಾತ್ರ ಅದು ಬಂದದ್ದನ್ನು ನಾವಂತೂ ಕಂಡಿಲ್ಲ.

ಇನ್ನು ಶಾಸ್ತ್ರದ ಮಾತು. ವಾಸ್ತು ಎಂದರೆ ದಿಕ್ಕಿನ ಲೆಕ್ಕ ಮಾತ್ರ ಎಂಬ ಭಾವನೆ ಈಗ ಬೇರೂರಿದೆ. ಹಳೆಯ ಗ್ರಂಥಗಳು ಹಾಗಿಲ್ಲ. ಆರನೆಯ ಶತಮಾನದ ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ವಾಸ್ತುವಿಗೆ ಒಂದು ಅಧ್ಯಾಯವಿದೆ. ಅದರ ಬೆನ್ನಿಗೇ ನೆಲದಡಿಯ ನೀರನ್ನು ಗುರುತಿಸುವ ಅಧ್ಯಾಯವೂ ಇದೆ. ಮಯಮತ, ಮಾನಸಾರ ಮೊದಲಾದ ಗ್ರಂಥಗಳೂ ನೆಲದ ಪರೀಕ್ಷೆಯನ್ನು ಹೇಳಿಯೇ ಮುಂದೆ ಹೋಗುತ್ತವೆ. ವರಾಹಮಿಹಿರನ ಪರೀಕ್ಷೆ ಬಹಳ ಸರಳ. ಮೊಳದಾಳದ ಗುಂಡಿ ತೆಗೆದು, ಅದೇ ಮಣ್ಣನ್ನು ಮತ್ತೆ ತುಂಬಬೇಕು. ಮಣ್ಣು ಮಿಕ್ಕರೆ ನೆಲ ಉತ್ತಮ, ಸರಿಹೋದರೆ ಮಧ್ಯಮ, ಸಾಲದೆ ಬಂದರೆ ಅಲ್ಲಿ ಮನೆ ಬೇಡ. ಗುಂಡಿಗೆ ನೀರು ತುಂಬಿ ನೂರು ಹೆಜ್ಜೆ ಹೋಗಿ ಬಂದು, ನೀರು ಎಷ್ಟು ಇಂಗಿದೆ ಎಂದು ನೋಡುವ ಕ್ರಮವೂ ಇದೆ. ಮಣ್ಣು ಗಟ್ಟಿಯೋ ಸಡಿಲವೋ ಎಂಬುದನ್ನು ತಿಳಿಯುವ ಉಪಾಯವಿದು. ನಮ್ಮ ಕಡೆ ಬಂದುಹೋಗುವ ಪಂಡಿತರಲ್ಲಿ ದಿಕ್ಸೂಚಿ ತೆಗೆದವರನ್ನು ಬೇಕಾದಷ್ಟು ಕಂಡಿದ್ದೇವೆ, ಗುದ್ದಲಿ ಹಿಡಿದು ಗುಂಡಿ ತೆಗೆಸಿದವರನ್ನು ಕಾಣೆವು.

ದಕ್ಷಿಣದ ಬಾಗಿಲಿನ ಹೆದರಿಕೆಯೂ ಅಷ್ಟೆ. ನಿವೇಶನವನ್ನು 81 ಪದಗಳಾಗಿ ಭಾಗಿಸಿದಾಗ ಅಂಚಿನಲ್ಲಿ 32 ಪದಗಳು ಬರುತ್ತವೆ. ದಿಕ್ಕಿಗೆ 8ರಂತೆ ಬಾಗಿಲಿನ ಸ್ಥಾನಗಳನ್ನೆಣಿಸಿ ಒಂದೊಂದಕ್ಕೂ ಫಲ ಹೇಳಿದ್ದಾರೆ. ಪೂರ್ವದಲ್ಲಿಯೂ ಕೆಟ್ಟ ಸ್ಥಾನಗಳಿವೆ, ದಕ್ಷಿಣದಲ್ಲಿಯೂ ಒಳ್ಳೆಯ ಸ್ಥಾನವಿದೆ. ಆಗ್ನೇಯ ಮೂಲೆಯಿಂದ ಎಣಿಸಿದರೆ ದಕ್ಷಿಣದ ನಾಲ್ಕನೆಯ ಸ್ಥಾನಕ್ಕೆ ಅನ್ನಪಾನ, ಸಂತಾನಗಳ ವೃದ್ಧಿ ಎಂದೇ ಬೃಹತ್ಸಂಹಿತೆ ಹೇಳುತ್ತದೆ. ಅದೇ ಗ್ರಂಥ ಬ್ರಾಹ್ಮಣನಿಗೊಂದು ಅಳತೆ, ಶೂದ್ರನಿಗೊಂದು ಅಳತೆ ಎಂದು ವರ್ಣಕ್ಕೆ ತಕ್ಕಂತೆ ಮನೆಯ ಗಾತ್ರವನ್ನೂ ವಿಧಿಸುತ್ತದೆ. ಅದನ್ನು ಇಂದು ಯಾರೂ ಪಾಲಿಸುವುದಿಲ್ಲ, ಪಾಲಿಸಲೂ ಬಾರದು. ಎಂದಮೇಲೆ ಶಾಸ್ತ್ರದಲ್ಲಿ ಕೊಳ್ಳತಕ್ಕದ್ದು, ಬಿಡತಕ್ಕದ್ದು ಎಂಬ ವಿವೇಚನೆಯನ್ನು ನಾವು ಎಂದೋ ಮಾಡಿಯಾಗಿದೆ. ಉಳಿದ ವಿಷಯದಲ್ಲೂ ಅದೇ ವಿವೇಚನೆ ಇರಲಿ ಎಂದಷ್ಟೇ ನಮ್ಮ ಮಾತು.

ಪಂಡಿತರು ಸಾಮಾನ್ಯವಾಗಿ ಹೇಳುವ ಇನ್ನೊಂದು ನಿಯಮ, ನೆಲ ಪಶ್ಚಿಮದಲ್ಲಿ ಎತ್ತರವಿದ್ದು ಪೂರ್ವಕ್ಕೋ ಉತ್ತರಕ್ಕೋ ಇಳಿಯಬೇಕು ಎಂಬುದು. ಕಾವೇರಿ, ಹೇಮಾವತಿಗಳು ಪೂರ್ವದ ಕಡೆಗೆ ಇಳಿಯುವ ನದಿಗಳು. ಆ ಸೀಮೆಯ ಹಲವರಿಗೆ ಈ ನಿಯಮ ಹೇಗೋ ಹೊಂದೀತು. ಆದರೆ ಘಟ್ಟದ ಕೆಳಗೆ ನೇತ್ರಾವತಿ ಪಶ್ಚಿಮಕ್ಕೆ ಹರಿಯುತ್ತದೆ. ಉತ್ತರ ಕನ್ನಡದಲ್ಲಿ ಅಘನಾಶಿನಿಯೂ ಪಶ್ಚಿಮಕ್ಕೇ. ಬೆಳ್ತಂಗಡಿ, ಸುಳ್ಯ, ಪುತ್ತೂರಿನ ಕಡೆ ನೆಲವೇ ಒಟ್ಟಾರೆ ಕಡಲಿನತ್ತ ವಾಲಿದೆ. ಅಲ್ಲಿನ ಅಡಿಕೆ ಬೆಳೆಗಾರರು ತಲೆತಲಾಂತರದಿಂದ ಬದುಕಿ ಬಾಳಿಲ್ಲವೇ?

ನಮ್ಮ ಹಿರಿಯರಿಗೆ ದಿಕ್ಕಿನ ಪರಿವೆ ಇರಲಿಲ್ಲವೆಂದಲ್ಲ. ಕೊಡಗಿನ ಐನ್‌ಮನೆಗಳು ಸಾಮಾನ್ಯವಾಗಿ ಪೂರ್ವಾಭಿಮುಖ. ಮಲೆನಾಡಿನ ಚೌಕಿಮನೆ, ತೊಟ್ಟಿಮನೆಗಳಲ್ಲಿ ನಡುವೆ ಆಕಾಶಕ್ಕೆ ತೆರೆದ ಅಂಗಳವಿದ್ದು, ಶಾಸ್ತ್ರ ಹೇಳುವ ಬ್ರಹ್ಮಸ್ಥಾನವೂ ಆಯಿತು, ಮನೆಯೊಳಕ್ಕೆ ಬೆಳಕು ಗಾಳಿಯೂ ಬಂತು. ಮುಂಗಾರಿನ ಗಾಳಿ ಮಳೆ ಬರುವುದು ಪಶ್ಚಿಮ, ನೈಋತ್ಯದಿಂದ. ಆ ಮೂಲೆ ಭಾರವಾಗಿರಲಿ, ಕಿಂಡಿ ಬಾಗಿಲು ಕಡಿಮೆಯಿರಲಿ ಎಂಬ ಶಾಸ್ತ್ರದ ಮಾತು ಮಲೆನಾಡಿಗೆ ಚೆನ್ನಾಗಿ ಒಪ್ಪುತ್ತದೆ. ಆಗ್ನೇಯದ ಅಡುಗೆಮನೆಗೆ ಬೆಳಗಿನ ಬಿಸಿಲೂ ಬೀಳುತ್ತದೆ, ಮಳೆಗಾಲದಲ್ಲಿ ಹೊಗೆ ಮನೆಯೊಳಗೆ ತಿರುಗದೆ ಆಚೆ ಹೋಗುತ್ತದೆ. ಇವನ್ನೆಲ್ಲ ಹಿರಿಯರು ಉಳಿಸಿಕೊಂಡರು. ಆದರೆ ಗುಡ್ಡ ಉತ್ತರಕ್ಕಿದ್ದು ಕಣಿವೆ ದಕ್ಷಿಣಕ್ಕಿದ್ದಲ್ಲಿ ಅವರು ಗುಡ್ಡಕ್ಕೆ ಮುಖಮಾಡಿ ಮನೆ ಕಟ್ಟಲಿಲ್ಲ. ಬೆನ್ನಿಗೆ ಗುಡ್ಡ, ಎದುರಿಗೆ ಅಂಗಳ, ಅದರ ಕೆಳಗೆ ತೋಟ ಎಂಬ ಕ್ರಮವನ್ನು ಮೊದಲು ಇಟ್ಟುಕೊಂಡು, ದಿಕ್ಕನ್ನು ಅದರೊಳಗೆ ಹೊಂದಿಸಿದರು.

ಅಂಗಳದ ವಿಷಯವನ್ನು ಬೆಳೆಗಾರರಾದ ನಾವು ವಿಶೇಷವಾಗಿ ಗಮನಿಸಬೇಕು. ಪೇಟೆಯ ಮನೆಗೆ ಅಂಗಳ ಅಲಂಕಾರ, ನಮಗೆ ಅದು ಕಾರ್ಖಾನೆ. ಚಾಲಿ ಅಡಿಕೆಗೆ ಸುಮಾರು 40 ದಿನಗಳ ಬಿಸಿಲು ಬೇಕು. ಕಾಫಿಯ ತೇವಾಂಶ ಶೇಕಡಾ 10-11ಕ್ಕೆ ಇಳಿಯಬೇಕು. ನಮ್ಮ ಕೊಯ್ಲು ಒಕ್ಕಣೆಗಳೆಲ್ಲ ನವೆಂಬರಿನಿಂದ ಮಾರ್ಚಿಯವರೆಗೆ. ಆ ತಿಂಗಳುಗಳಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿಯೇ ಸಾಗುತ್ತಾನೆ. ಡಿಸೆಂಬರ್ ಕೊನೆಯ ವಾರ ನಮ್ಮ ಸೀಮೆಯಲ್ಲಿ ನಡುಮಧ್ಯಾಹ್ನವೂ ಸೂರ್ಯ ದಿಗಂತದಿಂದ 53 ಡಿಗ್ರಿಯ ಆಸುಪಾಸಿನಲ್ಲಿರುತ್ತಾನೆ, ನೆತ್ತಿಗೆ ಬರುವುದಿಲ್ಲ. ಸೂರು 20 ಅಡಿ ಎತ್ತರವಿರುವ ಉಪ್ಪರಿಗೆ ಮನೆಯಾದರೆ ಅದರ ಉತ್ತರಕ್ಕೆ ಮಧ್ಯಾಹ್ನವೇ ಸುಮಾರು 15 ಅಡಿ ನೆರಳು ಬೀಳುತ್ತದೆ; ಸಂಜೆ ನಾಲ್ಕರ ಹೊತ್ತಿಗೆ 20 ಅಡಿ ಮೀರುತ್ತದೆ. ಮನೆಯ ದಕ್ಷಿಣಕ್ಕಿರುವ ಅಂಗಳಕ್ಕೆ ಈ ತೊಂದರೆಯಿಲ್ಲ. ಎಂದರೆ ಯಾವ ದಕ್ಷಿಣದ ಅಂಗಳವನ್ನು ದೋಷವೆಂದು ಮುಚ್ಚಲು ಹೊರಟಿದ್ದೇವೋ ಅದೇ ಅಡಿಕೆ ಕಾಫಿಗಳನ್ನು ಚೆನ್ನಾಗಿ ಒಣಗಿಸುವ ಅಂಗಳ. ನಮಗೆ ಗೊತ್ತಿರುವ ಒಂದು ಮನೆಯಲ್ಲಿ ಹೀಗೆಯೇ ಅಂಗಳವನ್ನು ಉತ್ತರಕ್ಕೆ ಬದಲಾಯಿಸಿದರು. ಮರುವರ್ಷದ ಚಾಲಿಯಲ್ಲಿ ಒಳಗೆ ಬೂಸ್ಟು ಹಿಡಿದ ಅಡಿಕೆ ಹೆಚ್ಚಾಗಿ, ವ್ಯಾಪಾರಿ ದರ ಮುರಿದು ಕೊಂಡ. ಈಗ ಅವರು ಹಳೆಯ ಅಂಗಳದಲ್ಲಿಯೇ ಅಡಿಕೆ ಹರಡುತ್ತಾರೆ. ಹೊಸ ಅಂಗಳದ ಸಾಲದ ಕಂತು ಮಾತ್ರ ನಡೆದಿದೆ.

ಎಲ್ಲಕ್ಕಿಂತ ಗಂಭೀರವಾದದ್ದು ದರೆ ಕಡಿಯುವ ವಿಷಯ. ಗುಡ್ಡದ ಬುಡದ ಮನೆಯ ಮುಖ ತಿರುಗಿಸಬೇಕೆಂದರೆ ಹಿಂಭಾಗದಲ್ಲಿ ಜಾಗ ಬೇಕು; ಜಾಗ ಬೇಕೆಂದರೆ ಗುಡ್ಡ ಕಡಿಯಬೇಕು. ಹಿಂದೆ ಗುದ್ದಲಿಯಲ್ಲಿ ತಿಂಗಳುಗಟ್ಟಲೆ ಆಗುತ್ತಿದ್ದ ಕೆಲಸವನ್ನು ಈಗ ಜೆ.ಸಿ.ಬಿ. ಎರಡು ದಿನಗಳಲ್ಲಿ ಮುಗಿಸುತ್ತದೆ. ಆಗುವುದೇನು? ಬುಡದ ಆಧಾರ ಹೋದ ಮಣ್ಣು ನೆಟ್ಟಗೆ ನಿಂತಿರುತ್ತದೆ. ಜುಲೈ, ಆಗಸ್ಟ್ ಮಳೆಯಲ್ಲಿ ನೀರು ಇಂಗಿ ಮಣ್ಣು ಭಾರವಾಗುತ್ತದೆ, ಹಿಡಿತ ಸಡಿಲಾಗುತ್ತದೆ, ಒಂದು ರಾತ್ರಿ ಎಲ್ಲವೂ ಕೆಳಗೆ ಬರುತ್ತದೆ. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಏನಾಯಿತೆಂದು ನಾವೆಲ್ಲ ಬಲ್ಲೆವು. 2019ರ ಆಗಸ್ಟಿನಲ್ಲಿ ಮೂಡಿಗೆರೆ ಕಡೆ ತೋಟಗಳೇ ಕೊಚ್ಚಿಹೋದವು. 2024ರ ಜುಲೈಯಲ್ಲಿ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಬದಿಯ ಗುಡ್ಡ ಕುಸಿಯಿತು. ಅದೇ ತಿಂಗಳ ಕೊನೆಯಲ್ಲಿ ವಯನಾಡಿನಲ್ಲಿ ಮಲಗಿದ್ದವರ ಮೇಲೆ ಬೆಟ್ಟವೇ ಇಳಿದು ಬಂತು. ಈ ಎಲ್ಲ ಕುಸಿತಕ್ಕೂ ಕಾರಣ ಒಂದೇ ಅಲ್ಲ, ಅತಿವೃಷ್ಟಿ ಎಲ್ಲೆಡೆ ಇತ್ತು. ಆದರೆ ಮನೆ, ರಸ್ತೆಗಳಿಗಾಗಿ ಇಳಿಜಾರನ್ನು ಕಡಿದದ್ದು ಅಪಾಯವನ್ನು ಹೆಚ್ಚಿಸುತ್ತದೆ ಎಂಬುದನ್ನು ಕೊಡಗಿನ ಅನುಭವದ ಬಳಿಕ ಅಲ್ಲಗಳೆಯುವಂತಿಲ್ಲ. ದಿಕ್ಕಿನ ದೋಷ ಕಳೆಯಲು ಹೋಗಿ ನೆಲದ ದೋಷವನ್ನು ಮನೆಯ ಬೆನ್ನಿಗೆ ಕಟ್ಟಿಕೊಳ್ಳುವುದು ಯಾವ ಶಾಸ್ತ್ರ?

ಬಾವಿ, ಶೌಚದ ಗುಂಡಿಗಳ ಬಗ್ಗೆಯೂ ಒಂದು ಮಾತು. ಬಾವಿ ಈಶಾನ್ಯದಲ್ಲಿರಲಿ ಎನ್ನುವವರು ಆ ಈಶಾನ್ಯ ಮೂಲೆ ಶೌಚದ ಗುಂಡಿಯ ಕೆಳಮಟ್ಟದಲ್ಲಿದೆಯೇ ಎಂದು ನೋಡುವುದಿಲ್ಲ. ಹಳೆಯ ಗ್ರಂಥಗಳ ಕಾಲಕ್ಕೆ ಮನೆಗೆ ತಾಗಿದ ಸೆಪ್ಟಿಕ್ ಟ್ಯಾಂಕ್ ಇರಲಿಲ್ಲ. ಅದರ ಸ್ಥಾನ ನಿರ್ಣಯಕ್ಕೆ ಇಳಿಜಾರೇ ಆಧಾರ. ಬಾವಿಗೂ ಗುಂಡಿಗೂ 50 ಅಡಿಗೆ ಕಡಿಮೆಯಿಲ್ಲದ ಅಂತರವಿರಬೇಕು, ಗುಂಡಿ ಬಾವಿಯ ಮೇಲ್ಭಾಗದಲ್ಲಿ ಇರಲೇಬಾರದು. ಮನೆಯ ಮಕ್ಕಳ ಹೊಟ್ಟೆನೋವು ಭೇದಿಗಳಿಗೆ ಇಲ್ಲಿ ಮೂಲ ಸಿಕ್ಕೀತೇ ಹೊರತು ಬಾಗಿಲಿನಲ್ಲಲ್ಲ.

ಆದ್ದರಿಂದ ಸದಸ್ಯರಲ್ಲಿ ನಮ್ಮ ವಿನಂತಿ ಇಷ್ಟು. ಹೊಸ ಮನೆ ಕಟ್ಟುವವರು ದಿಕ್ಕನ್ನು ಧಾರಾಳವಾಗಿ ನೋಡಲಿ. ಆದರೆ ಮೊದಲು ಒಂದು ಮಳೆಗಾಲ ಆ ಜಾಗದಲ್ಲಿ ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆಂದು ನೋಡಲಿ, ಒಂದು ಡಿಸೆಂಬರ್ ಬಿಸಿಲು ಎಲ್ಲಿ ಬೀಳುತ್ತದೆಂದು ನೋಡಲಿ. ಇರುವ ಮನೆಯಲ್ಲಿ ದೇವರ ಕೋಣೆಯನ್ನು ಈಶಾನ್ಯಕ್ಕೆ ತರುವುದು, ಮಲಗುವ ತಲೆದಿಸೆ ಬದಲಾಯಿಸುವುದು, ಒಲೆಯನ್ನು ಆಗ್ನೇಯಕ್ಕೆ ಸರಿಸುವುದು, ಇವೆಲ್ಲ ಖರ್ಚಿಲ್ಲದ ಬದಲಾವಣೆಗಳು. ಮನಸ್ಸಿಗೆ ಸಮಾಧಾನ ಕೊಡುವುದಾದರೆ ಮಾಡಿಕೊಳ್ಳಿ, ಯಾರ ತಕರಾರೂ ಇಲ್ಲ. ಭಾರ ಹೊತ್ತ ಗೋಡೆ ಒಡೆಯುವ, ನೀರಿರುವ ಬಾವಿ ಮುಚ್ಚುವ, ದರೆ ಕಡಿಯುವ ಕೆಲಸಕ್ಕೆ ಮಾತ್ರ ಕೈಹಾಕುವ ಮೊದಲು ಕಟ್ಟಡ ಬಲ್ಲ ಇಂಜಿನಿಯರರೊಬ್ಬರನ್ನೂ ಊರಿನ ಒಬ್ಬ ಹಿರಿಯರನ್ನೂ ಕರೆದು ತೋರಿಸಿ. ಈಗಾಗಲೇ ದರೆ ಕಡಿದವರು ಮಳೆಗಾಲಕ್ಕೆ ಮುನ್ನ ಮೇಲ್ಭಾಗದಲ್ಲಿ ಕಣಿ ತೋಡಿ ನೀರನ್ನು ಬದಿಗೆ ತಿರುಗಿಸಿ, ಕಡಿದ ಭಾಗವನ್ನು ಮೆಟ್ಟಿಲು ಮಾಡಿ ಲಾವಂಚದಂಥ ಬೇರು ಬಿಡುವ ಹುಲ್ಲು ನೆಡಿ.

ಬೆಳೆ ಸಾಲದ ಹಣ ಬಾಗಿಲಿಗೆ ಹೋದರೆ ಕೊಳೆರೋಗಕ್ಕೆ ಬೋರ್ಡೋ ಹೊಡೆಯಲು ಜೂನ್ ತಿಂಗಳಲ್ಲಿ ಕೈ ಬರಿದಾಗಿರುತ್ತದೆ. ಆಗ ಉದುರುವ ಕಾಯಿಗೆ ಯಾವ ದಿಕ್ಕಿನ ಪರಿಹಾರವೂ ಇಲ್ಲ. ಮನೆ ರಿಪೇರಿಯ ಅರ್ಜಿಗಳಿಗೆ ಇನ್ನು ಮುಂದೆ ಸ್ಥಳ ನೋಡಿದ ಬಳಿಕವೇ ಶಿಫಾರಸು ಮಾಡುವುದೆಂದು ನಾವು ಆಡಳಿತ ಮಂಡಲಿಗೆ ಸೂಚಿಸಲಿದ್ದೇವೆ. ಇದರಿಂದ ಒಂದಿಬ್ಬರಿಗೆ ಬೇಸರವಾಗಬಹುದು. ಗುಡ್ಡದ ಕೆಳಗಿನ ಮನೆಯವರ ಮುಖ ನೋಡಿ ಆ ಬೇಸರವನ್ನು ಸಹಿಸಿಕೊಳ್ಳಬೇಕೆಂದು ಕೋರುತ್ತೇವೆ.

— ಕಾರ್ಯದರ್ಶಿ