ಮರ್ಯಾದೆ ಸ್ಟಿಕ್ಕರ್‌ನಲ್ಲಿಲ್ಲ!

ಸೈನಿಕನಿಗೆ ಮರ್ಯಾದೆ ಕೊಡಬಾರದು ಎನ್ನುವವರು ಯಾರೂ ಇಲ್ಲ. ಆದರೆ ಆ ಮರ್ಯಾದೆ ಯಾರಿಗೆ ಸಲ್ಲುತ್ತಿದೆ, ಅದರ ಹೆಸರಿನಲ್ಲಿ ಸವಾರಿ ಮಾಡುತ್ತಿರುವವರು ಯಾರು ಎಂದು ಕೇಳುವವರು ಕಡಿಮೆ. ನಾವು ಕೇಳೋಣ.

ಅಮೆರಿಕದಲ್ಲಿ ವಾಹನಗಳಿಗೆ ನಂಬರ್ ಪ್ಲೇಟ್ ಕೊಡುವುದು ಆಯಾ ರಾಜ್ಯ ಸರ್ಕಾರ. ಸೇನೆಯಲ್ಲಿ ದುಡಿದವರಿಗೆ ಅಲ್ಲಿ ಬೇರೆಯದೇ ಪ್ಲೇಟುಗಳಿವೆ. ಶತ್ರುವಿನ ಏಟಿಗೆ ಗಾಯಗೊಂಡವನಿಗೆ ‘ಪರ್ಪಲ್ ಹಾರ್ಟ್’ ಪದಕದ ಪ್ಲೇಟ್. ಮಗನನ್ನೋ ಗಂಡನನ್ನೋ ಸೇನೆಗೆ ಕೊಟ್ಟು ಕಳೆದುಕೊಂಡ ಮನೆಗೆ ‘ಗೋಲ್ಡ್ ಸ್ಟಾರ್’ ಪ್ಲೇಟ್. ಇವು ಬಾಯಿಮಾತಿಗೆ ಸಿಗುವುದಿಲ್ಲ. ಸೇನೆಯಿಂದ ಬಿಡುಗಡೆಯಾದಾಗ ಕೊಡುವ ಪತ್ರವನ್ನೋ ಪದಕದ ದಾಖಲೆಯನ್ನೋ ತೋರಿಸಬೇಕು. ಕ್ಯಾಲಿಫೋರ್ನಿಯಾದಲ್ಲಿ ಮಾಜಿ ಸೈನಿಕರ ಗೌರವಾರ್ಥ ಮಾರುವ ಪ್ಲೇಟಿನ ಹೆಚ್ಚುವರಿ ಶುಲ್ಕ ಜಿಲ್ಲೆಗಳ ಮಾಜಿ ಸೈನಿಕರ ಸೇವಾ ಕಚೇರಿಗಳಿಗೆ ಹೋಗುತ್ತದೆ. ತಗಡಿನ ಹಿಂದೆ ಕಾಸೂ ಇದೆ!

ಹಾಗೆಂದು ಅಲ್ಲಿ ಜಗಳವಿಲ್ಲವೆಂದಲ್ಲ. 1861ರಿಂದ 1865ರವರೆಗಿನ ಅಂತರ್ಯುದ್ಧದಲ್ಲಿ ಗುಲಾಮಗಿರಿಯ ಪಕ್ಷದಲ್ಲಿ ಹೋರಾಡಿದ ದಕ್ಷಿಣದ ಸೈನಿಕರ ವಂಶಸ್ಥರು ತಮ್ಮ ಹಿರಿಯರ ಬಾವುಟವಿರುವ ಪ್ಲೇಟ್ ಬೇಕೆಂದರು. ಟೆಕ್ಸಾಸ್ ಕೊಡಲಿಲ್ಲ. 2015ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ 5-4ರ ಬಹುಮತದಿಂದ ಟೆಕ್ಸಾಸನ್ನೇ ಎತ್ತಿಹಿಡಿಯಿತು. ಪ್ಲೇಟಿನ ಮೇಲಿನ ಮಾತು ಗಾಡಿಯವನದಲ್ಲ, ಸರ್ಕಾರದ್ದು ಎಂದಿತು. ಅಂದರೆ ಯಾರನ್ನು ಗೌರವಿಸಬೇಕೆಂದು ಸರ್ಕಾರ ತೀರ್ಮಾನಿಸುತ್ತದೆ. ಅದರ ಹೊಣೆಯನ್ನೂ ಅದೇ ಹೊರಬೇಕು.

ಈಗ ನಮ್ಮ ಬೀದಿಗೆ ಬನ್ನಿ. ಮೇಲ್ಮುಖ ಬಾಣದ ಗುರುತಿನ ಪ್ಲೇಟ್ ಇರುವುದು ಸೇನೆಯ ಸ್ವಂತ ವಾಹನಗಳಿಗೆ ಮಾತ್ರ. 2021ರಲ್ಲಿ ಬಂದ ‘ಬಿಎಚ್’ ಸರಣಿ ಸೈನಿಕರಿಗೂ ಸಿಗುತ್ತದೆ, ಸರ್ಕಾರಿ ನೌಕರರಿಗೂ ಸಿಗುತ್ತದೆ. ಅದು ವರ್ಗಾವಣೆಯ ಅನುಕೂಲಕ್ಕೇ ಹೊರತು ಗೌರವಕ್ಕಲ್ಲ. ಹಾಗಾದರೆ ಬೆಂಗಳೂರಿನ ಬೈಕು ಕಾರುಗಳ ನಂಬರ್ ಪ್ಲೇಟಿನ ಮೇಲೆ ಕೆಂಪಕ್ಷರದ ‘ಆರ್ಮಿ’ ಎಲ್ಲಿಂದ ಬಂತು? ನಂಬರ್ ಪ್ಲೇಟಿನಲ್ಲಿ ನಂಬರ್ ಬಿಟ್ಟು ಇಂಥದ್ದೇನನ್ನೂ ಬರೆಸುವಂತಿಲ್ಲ. ಆದರೂ ಮಾವ ಸೇನೆಯಲ್ಲಿದ್ದ ಎಂದು ಅಳಿಯ ಅಂಟಿಸುತ್ತಾನೆ. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ! ನನ್ನ ಪ್ರೆಸ್ಸಿಗೂ ಇಂಥ ಸ್ಟಿಕ್ಕರ್ ಕೇಳಿಕೊಂಡು ಬರುತ್ತಾರೆ. ಗುರುತಿನ ಚೀಟಿ ಕೇಳಿದರೆ, “ಪೊಲೀಸರು ಹಿಡಿಯಬಾರದು ಸಾರ್, ಅಷ್ಟಕ್ಕೇ” ಎನ್ನುತ್ತಾರೆ. ನಾನು ಆ ಕೆಲಸ ಹಿಡಿಯುವುದಿಲ್ಲ. ಹೆಲ್ಮೆಟ್ ಇಲ್ಲದೆ ಸಿಗ್ನಲ್ ಹಾರಲು ಯೋಧನ ಹೆಸರೇ ಬೇಕೆ? ಇದು ಗೌರವವಲ್ಲ, ಕಳ್ಳತನ.

ಕಾರ್ಯಪ್ಪ, ತಿಮ್ಮಯ್ಯ ಹುಟ್ಟಿದ ನಾಡು ಇದು. ಮಾಜಿ ಸೈನಿಕರಿಗೆ ಇಲ್ಲಿಯೂ ಗೌರವದ ಪ್ಲೇಟ್ ಬರಲಿ ಎಂದು ಯಾರಾದರೂ ಕೇಳಿದರೆ ನಮ್ಮ ಬೆಂಬಲವಿದೆ. ಆದರೆ ಮೂರು ಷರತ್ತು. ದಾಖಲೆ ಇದ್ದವರಿಗೆ ಮಾತ್ರ ಕೊಡಬೇಕು. ಶುಲ್ಕವಿದ್ದರೆ ಅದು ಯೋಧರ ವಿಧವೆಯರಿಗೆ, ಅಂಗವಿಕಲ ಸೈನಿಕರಿಗೆ ಸೇರಬೇಕು, ಲೆಕ್ಕ ಬಹಿರಂಗವಾಗಬೇಕು. ರಸ್ತೆಯ ಕಾನೂನಿನಿಂದ ಒಂದು ಗುಲಗಂಜಿಯಷ್ಟೂ ವಿನಾಯಿತಿ ಇರಬಾರದು.

ತರುಣರೇ, ಅದು ಬರುವವರೆಗೆ ಕಾಯಬೇಕಿಲ್ಲ. 1949ರಿಂದ ಪ್ರತಿ ಡಿಸೆಂಬರ್ 7ರಂದು ಸಶಸ್ತ್ರ ಪಡೆಗಳ ಧ್ವಜ ದಿನ ನಡೆಯುತ್ತಿದೆ. ಸ್ಟಿಕ್ಕರ್ ಕಿತ್ತು ಹಾಕಿ. ಅದಕ್ಕೆ ಕೊಟ್ಟ ದುಡ್ಡನ್ನು ಅಂದು ಆ ನಿಧಿಗೆ ಹಾಕಿ. ಸೈನಿಕನ ಮನೆಯ ಒಲೆಗೆ ಅದು ಸೌದೆಯಾದೀತು!