ಗಿರಾಕಿ ಒಬ್ಬನೇ ಆದರೆ ಹಾಡೂ ಒಂದೇ

ನವೆಂಬರ್ ಬಂತೆಂದರೆ ಬೆಂಗಳೂರಿನ ಬನಶಂಕರಿ ಎರಡನೇ ಹಂತದಿಂದ ಹಿಡಿದು ಬಿಟಿಎಂ ಬಡಾವಣೆಯವರೆಗೆ ನಾಲ್ಕು ಅಡ್ಡರಸ್ತೆಗೊಂದು ರಾಜ್ಯೋತ್ಸವದ ಶಾಮಿಯಾನ ಏಳುತ್ತದೆ. ಹಳದಿ-ಕೆಂಪು ಬಾವುಟ, ಹಾರ ಹಾಕಿದ ಭುವನೇಶ್ವರಿಯ ಪಟ, ಮುಂದಿನ ಸಾಲಿನ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಬಡಾವಣೆಯ ಹಿರಿಯರು, ಏಳು ಗಂಟೆಯ ಮೇಲೆ ಆರ್ಕೆಸ್ಟ್ರಾ. ರಾಜ್‌ಕುಮಾರ್ ಹಾಡುಗಳೆಲ್ಲ ಮುಗಿದು, ಹಿಂದೆ ನಿಂತ ಹುಡುಗರ ಕೂಗು ಜೋರಾದಾಗ ಕೀಬೋರ್ಡಿನವನು ಬೀಟ್ ಹಾಕುತ್ತಾನೆ, ಗಾಯಕ ಒಂದು ರ‍್ಯಾಪ್ ಒಪ್ಪಿಸುತ್ತಾನೆ. ಅದು ಬಹುಪಾಲು ಎಣ್ಣೆ ಹಾಡೇ. ರ‍್ಯಾಪ್ ಎಂದರೆ ಇಷ್ಟೇ ಎಂದು ಮುಂದಿನ ಸಾಲಿನವರಿಗೆ ಅಲ್ಲಿಗೆ ಖಾತ್ರಿಯಾಗುತ್ತದೆ. ರ‍್ಯಾಪನ್ನು ನಿಜಕ್ಕೂ ಹಚ್ಚಿಕೊಂಡ ಹುಡುಗರ ಸಂಕಟ ಬೇರೆ. ಬೀದಿಯಿಂದ ಬಂದ ಕಲೆ ದುಡ್ಡಿಗೆ ಮಾರಿಕೊಂಡು ಸತ್ವ ಕಳೆದುಕೊಂಡಿತು ಎಂಬುದು ಅವರ ದೂರು. ಹಾಡು ಬಡವಾಗಿದೆ ಎಂಬಲ್ಲಿ ಇಬ್ಬರದೂ ಸರಿ. ಕಾರಣ ಹುಡುಕುವಲ್ಲಿ ಮಾತ್ರ ದಾರಿ ತಪ್ಪಿದ್ದಾರೆ. ರ‍್ಯಾಪಿಗೆ ದುಡ್ಡು ಬಂದದ್ದರಿಂದ ಏನೂ ಕೆಡಲಿಲ್ಲ. ದುಡ್ಡು ಕೊಡುವ ಕೈ ಒಂದೇ ಆಯಿತಲ್ಲ, ಕೆಟ್ಟದ್ದು ಅಲ್ಲಿ.

ಮೊದಲು ಈ 'ಬೀದಿಯ ಪರಿಶುದ್ಧ ಕಲೆ' ಎಂಬ ಮಾತನ್ನೇ ನೋಡೋಣ. ಹಿಪ್ ಹಾಪ್ ಹುಟ್ಟಿದ ದಿನ ಎಂದು ಲೋಕ ಒಪ್ಪಿಕೊಂಡಿರುವುದು 1973ರ ಆಗಸ್ಟ್ 11. ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ, ಸೆಡ್ಜ್‌ವಿಕ್ ಅವೆನ್ಯೂದ 1520ನೇ ನಂಬರಿನ ಕಟ್ಟಡದಲ್ಲಿ ಡಿಜೆ ಕೂಲ್ ಹರ್ಕ್ ಮತ್ತು ಅವನ ತಂಗಿ ಸಿಂಡಿ ಒಂದು ಪಾರ್ಟಿ ಇಟ್ಟಿದ್ದರು. ಇಟ್ಟಿದ್ದೇಕೆ? ಶಾಲೆ ಶುರುವಾಗುವ ಮುನ್ನ ತಂಗಿಗೆ ಹೊಸ ಬಟ್ಟೆ ಕೊಳ್ಳಲು ಕಾಸು ಬೇಕಿತ್ತು. ಒಳಗೆ ಬರುವವರಿಗೆ ಟಿಕೆಟ್ಟಿತ್ತು. ಅಂದರೆ ಈ ಕಲೆಯ ಮೊದಲ ರಾತ್ರಿಯೇ ಬಾಗಿಲಲ್ಲಿ ಚಿಲ್ಲರೆ ಎಣಿಸುತ್ತ ಕಳೆಯಿತು. ಆರು ವರ್ಷದ ನಂತರ, 1979ರಲ್ಲಿ, ರ‍್ಯಾಪನ್ನು ಅಮೆರಿಕದ ಮನೆಮನೆಗೆ ಮುಟ್ಟಿಸಿದ 'ರ‍್ಯಾಪರ್ಸ್ ಡಿಲೈಟ್' ಬಂತು. ಅದನ್ನು ಹಾಡಿದ ತಂಡವನ್ನು ಸಿಲ್ವಿಯಾ ರಾಬಿನ್ಸನ್ ಎಂಬ ನಿರ್ಮಾಪಕಿ ರೆಕಾರ್ಡಿಂಗಿಗೆಂದೇ ಕಲೆಹಾಕಿದ್ದರು. ಹಾಡಿನ ಕೆಲವು ಸಾಲುಗಳು ಗ್ರ್ಯಾಂಡ್‌ಮಾಸ್ಟರ್ ಕ್ಯಾಜ್ ಎಂಬ ಬೇರೊಬ್ಬನವು. ಅವನಿಗೆ ಹೆಸರೂ ಸಿಗಲಿಲ್ಲ, ಪಾಲೂ ಸಿಗಲಿಲ್ಲ. ಇಂಥ ಪಕ್ಕಾ ವ್ಯಾಪಾರದಿಂದ ಹೊರಟ ಕಲೆ ಮುಂದಿನ ಹತ್ತು ಹನ್ನೆರಡು ವರ್ಷ ಸೃಜನಶೀಲತೆಯ ಸುಗ್ಗಿಯನ್ನೇ ಕಂಡಿತು. ವ್ಯಾಪಾರವೇ ವಿಷವಾಗಿದ್ದರೆ ಕೂಸು ತೊಟ್ಟಿಲಲ್ಲೇ ಹೋಗಬೇಕಿತ್ತು.

ಹಾಗಾದರೆ ಅಮೆರಿಕದಲ್ಲಿ ರ‍್ಯಾಪ್ ಸೊರಗಿತು ಎಂಬ ಮಾತು ಯಾಕೆ ಹುಟ್ಟಿತು? 1991ರಲ್ಲಿ ನ್ಯೂಯಾರ್ಕಿನ ನ್ಯಾಯಾಲಯವೊಂದು ರ‍್ಯಾಪರ್ ಬಿಜ್ ಮಾರ್ಕಿಯ ಪ್ರಕರಣದಲ್ಲಿ, ಹಳೆಯ ಹಾಡಿನ ತುಣುಕನ್ನು ಅನುಮತಿಯಿಲ್ಲದೆ ಬಳಸುವುದು ಕಳ್ಳತನ ಎಂದಿತು. ಹತ್ತಾರು ತುಣುಕುಗಳನ್ನು ಕೌದಿಯಂತೆ ಹೊಲಿಯುವ ಕ್ರಮ ಅಲ್ಲಿಂದಾಚೆಗೆ ದುಡ್ಡಿದ್ದವರ ಆಟವಾಯಿತು. ಡಿ ಲಾ ಸೋಲ್ ತಂಡದ ಹಳೆಯ ಆಲ್ಬಮ್ಮುಗಳು ಸ್ಟ್ರೀಮಿಂಗಿಗೆ ಬರಲು 2023ರವರೆಗೆ ಕಾಯಬೇಕಾದದ್ದರಲ್ಲಿ ಈ ಅನುಮತಿಯ ತೊಡಕಿನದೂ ಪಾಲಿದೆ. ಇನ್ನೊಂದು ಪೆಟ್ಟು 1996ರದು. ಒಂದು ಕಂಪನಿ ದೇಶದಲ್ಲಿ ಇಷ್ಟೇ ರೇಡಿಯೊ ಕೇಂದ್ರ ಹೊಂದಬಹುದು ಎಂಬ ಮಿತಿಯನ್ನು ಆ ವರ್ಷದ ದೂರಸಂಪರ್ಕ ಕಾಯ್ದೆ ತೆಗೆದುಹಾಕಿತು. ಕೆಲವೇ ವರ್ಷಗಳಲ್ಲಿ ಕ್ಲಿಯರ್ ಚಾನೆಲ್ ಎಂಬ ಒಂದೇ ಸಂಸ್ಥೆಯ ಕೈಗೆ ಸಾವಿರಕ್ಕೂ ಹೆಚ್ಚು ಕೇಂದ್ರಗಳು ಬಂದವು. ಊರಿಗೊಬ್ಬ ಡಿಜೆ ತನ್ನ ರುಚಿಗೆ ತಕ್ಕ ಹಾಡು ಆರಿಸುತ್ತಿದ್ದ ಜಾಗದಲ್ಲಿ ಒಂದೇ ಪಟ್ಟಿ ಊರೂರಿಗೆ ಹೋಗತೊಡಗಿತು. ಮಾರುಕಟ್ಟೆ ಹಿಗ್ಗಿದ್ದು ನಿಜ, ಗಿರಾಕಿಗಳ ಸಂಖ್ಯೆ ಕುಗ್ಗಿದ್ದೂ ಅಷ್ಟೇ ನಿಜ.

ಕನ್ನಡದ ಕತೆ ಇದಕ್ಕಿಂತ ಇಕ್ಕಟ್ಟಿನದು, ಏಕೆಂದರೆ ನಮ್ಮಲ್ಲಿ ರ‍್ಯಾಪಿಗೆ ಮೊದಲಿನಿಂದಲೂ ಗಿರಾಕಿ ಒಬ್ಬನೇ: ಸಿನಿಮಾ. ದೇಶದ ಮೊದಲ ಖಾಸಗಿ ಎಫ್‌ಎಂ ಕೇಂದ್ರ ರೇಡಿಯೊ ಸಿಟಿ 2001ರಲ್ಲಿ ಶುರುವಾದದ್ದು ಬೆಂಗಳೂರಿನಲ್ಲೇ. ಆದರೂ ಖಾಸಗಿ ಎಫ್‌ಎಂನಲ್ಲಿ ಕನ್ನಡ ಹಾಡು ಎಂದರೆ ಸಿನಿಮಾ ಹಾಡು ಎಂಬುದು ಬದಲಾಗಲಿಲ್ಲ. 'ತ್ರೀ ಪೆಗ್' ಹಾಡಿನಿಂದ ಮನೆಮಾತಾಗಿ, 2018ರ ಜನವರಿಯಲ್ಲಿ ಬಿಗ್ ಬಾಸ್ ಗೆದ್ದ ಚಂದನ್ ಶೆಟ್ಟಿ ಮುಂದೆ ಹೋಗಿ ನಿಂತದ್ದೂ 'ಪೊಗರು' ಚಿತ್ರದ 'ಖರಾಬು' ಹಾಡಿನಲ್ಲೇ. ಅವರನ್ನು ದೂರುವುದು ಸುಲಭ, ನ್ಯಾಯವಲ್ಲ. ಇದ್ದ ಒಂದೇ ಬಾಗಿಲನ್ನು ಅವರು ತಟ್ಟಿದರು. ಆ ಬಾಗಿಲ ಒಳಗೆ ರ‍್ಯಾಪಿಗೆ ಏನಾಗುತ್ತದೆ ಎಂಬುದು ಮುಖ್ಯ. ರ‍್ಯಾಪಿನ ಪ್ರಾಣ 'ನಾನು' ಎಂಬ ಸರ್ವನಾಮದಲ್ಲಿದೆ. ನಾನು ಇಂಥ ಗಲ್ಲಿಯವನು, ನನ್ನ ಹೆಸರು ಇದು, ನಾನು ಕಂಡದ್ದು ಇದು ಎಂದು ಎದೆ ತಟ್ಟಿ ಹೇಳುವುದೇ ಅದರ ಸೊಗಸು. ಸಿನಿಮಾದಲ್ಲಿ ರ‍್ಯಾಪಿಗೆ ಹೆಚ್ಚಾಗಿ ಸಿಗುವುದು ಎರಡೇ ಜಾಗ, ನಾಯಕನ ಎಂಟ್ರಿ ಅಥವಾ ಬಾರಿನ ದೃಶ್ಯ. ಎರಡರಲ್ಲೂ ಆ 'ನಾನು' ತೆರೆಯ ಮೇಲಿನ ಹೀರೊನದು. ರ‍್ಯಾಪರ್ ತನ್ನ ಗಂಟಲನ್ನು ಬಾಡಿಗೆಗೆ ಕೊಟ್ಟು ಇನ್ನೊಬ್ಬರ ಪೊಗರನ್ನು ಹಾಡುತ್ತಾನೆ.

ಇದರ ಪರಿಣಾಮ ಪದಗಳಲ್ಲೇ ಕಾಣುತ್ತದೆ. ಕನ್ನಡದಲ್ಲಿ ಅಂತ್ಯಪ್ರಾಸ ಪುಕ್ಕಟೆ ಸಿಗುತ್ತದೆ. ವಿಭಕ್ತಿ ಪ್ರತ್ಯಯ ಹಚ್ಚಿದರೆ ಸಾಕು. ಬಸ್ಸಿನಲ್ಲಿ, ಮಳೆಯಲ್ಲಿ, ಮನಸಿನಲ್ಲಿ ಎಂದು ಸಾಲುಗಳು ತಾವೇ ಜೋಡಿಯಾಗುತ್ತವೆ. ಇದು ಪ್ರಾಸವಲ್ಲ, ವ್ಯಾಕರಣ. ಹದಿನೈದು ಸೆಕೆಂಡಿನ ರೀಲ್ಸಿಗೆ, ನಾಯಕನ ಎಂಟ್ರಿಗೆ ಇಷ್ಟು ಧಾರಾಳ ಸಾಕು, ಆದ್ದರಿಂದ ಅಷ್ಟಕ್ಕೇ ನಿಲ್ಲುತ್ತದೆ. ಅಸಲಿ ಕಸುಬು ಶುರುವಾಗುವುದು ಪ್ರತ್ಯಯದ ಆಸರೆ ಬಿಟ್ಟಮೇಲೆ. 'ಕತ್ರಿಗುಪ್ಪೆ'ಯ ಪಕ್ಕ 'ರಾತ್ರಿ ತಪ್ಪೇ' ಎಂದಿಟ್ಟು ನೋಡಿ. ತ್ರಿಗೆ ತ್ರಿ, ಪ್ಪೆಗೆ ಪ್ಪೇ ಕೂತು, ತಬಲಾ ಇಲ್ಲದೆಯೇ ತಾಳ ಏಳುತ್ತದೆ. ಒತ್ತಕ್ಷರ ಎಂಬುದು ಕನ್ನಡಕ್ಕೆ ಹುಟ್ಟಿನಿಂದ ಬಂದ ಡ್ರಮ್ಮು. ಸಾವಿರ ವರ್ಷದ ಹಿಂದೆಯೇ ಲಕ್ಷಣಕಾರ ನಾಗವರ್ಮ ಸಾಲಿನ ಎರಡನೆಯಕ್ಷರದ ಪ್ರಾಸವನ್ನು ಆರು ಬಗೆಯಾಗಿ ವಿಂಗಡಿಸಿ, ಸಿಂಹ, ಗಜ, ವೃಷಭ, ಶರಭ, ಹಯ, ಅಜ ಎಂದು ಪ್ರಾಣಿಗಳ ಹೆಸರಿಟ್ಟಿದ್ದ; ವಿಜಾತಿ ಒತ್ತಿನದು ಶರಭ, ಸಜಾತಿ ಒತ್ತಿನದು ಹಯ. (ನನ್ನ ಕತ್ರಿಗುಪ್ಪೆಗೆ ಲಕ್ಷಣಕಾರರು ಹ್ರಸ್ವ-ದೀರ್ಘದ ತಕರಾರು ತೆಗೆದಾರು, ಇರಲಿ.) ಕಳೆದ ಶತಮಾನದ ಆರಂಭದಲ್ಲಿ ಮಂಜೇಶ್ವರದ ಗೋವಿಂದ ಪೈಗಳು ಈ ಎರಡನೆಯಕ್ಷರದ ಪ್ರಾಸವನ್ನು ಕೈಬಿಟ್ಟರು, ಹೊಸಗನ್ನಡ ಕಾವ್ಯ ಹಗುರಾಯಿತು. ಆದರೆ ಓದುವ ಕವಿತೆಗೆ ಸಂಕೋಲೆಯಾದದ್ದು ಬಾಯಲ್ಲಿ ಆಡುವ ರ‍್ಯಾಪಿಗೆ ಗೆಜ್ಜೆಯಾಗಬಹುದು. ಉತ್ತರ ಕರ್ನಾಟಕದ ಹರದೇಶಿ-ನಾಗೇಶಿ ಲಾವಣಿಕಾರರು ರಾತ್ರಿಯಿಡೀ ಸವಾಲಿಗೆ ಸವಾಲು ಹಾಕಿ ಹಾಡುತ್ತಿದ್ದದ್ದು ಇಂಥ ಬಾಯಿಯ ಬಲದಿಂದಲೇ. ಬ್ಯಾಟಲ್ ರ‍್ಯಾಪ್ ಎಂಬ ಹೆಸರು ಅವರಿಗೆ ಬೇಕಾಗಿರಲಿಲ್ಲ.

ಇದಕ್ಕೆ ಬರುವ ಮೊದಲ ಆಕ್ಷೇಪ ಗೊತ್ತಿರುವುದೇ: ಜನ ಕೇಳುವುದನ್ನು ಕೊಡುತ್ತಾರೆ, ಕೇಳುಗನ ಅಭಿರುಚಿಗೆ ಕಲಾವಿದ ಏನು ಮಾಡಿಯಾನು? ಆದರೆ ಆಲ್ ಓಕೆ ಹೆಸರಿನ ಅಲೋಕ್ ಅವರ 'ಯಾಕಿಂಗೆ', 'ಡೋಂಟ್ ವರಿ' ಹಾಡುಗಳು ಸಿನಿಮಾದ ಹಂಗಿಲ್ಲದೆ ಹಬ್ಬಿದವು, ಅವು ಎಣ್ಣೆ ಹಾಡುಗಳೂ ಅಲ್ಲ. ಎಂಸಿ ಬಿಜ್ಜು, ಗುಬ್ಬಿಯಂಥವರು ಬೆಂಗಳೂರಿನ ಗಲ್ಲಿ ಕನ್ನಡವನ್ನು ಇದ್ದ ಹಾಗೆಯೇ ಮೈಕಿಗೆ ತಂದರು, ಅವರಿಗೂ ಕೇಳುಗರಿದ್ದಾರೆ. ಕಿವಿಗಳಿಗೆ ಬರವಿಲ್ಲ. ಯೂಟ್ಯೂಬ್ ಇರುವಾಗ ಇನ್ಯಾರ ಹಂಗು ಬೇಕು ಎಂಬುದು ಎರಡನೆಯ ಆಕ್ಷೇಪ, ಇದು ಹೆಚ್ಚು ತೂಕದ್ದು. ಹಾಡು ಏರಿಸಲು ಯಾರ ಅಪ್ಪಣೆಯೂ ಬೇಡ, ಒಪ್ಪೋಣ. ಆದರೆ ಅಲ್ಲಿ ಬರುವ ಜಾಹೀರಾತಿನ ಪಾಲಿನಿಂದ ಬಿಟಿಎಂನ ಪಿಜಿಯಲ್ಲಿರುವ ಹುಡುಗ ತಿಂಗಳ ಬಾಡಿಗೆ ಕಟ್ಟಬೇಕಾದರೆ ಲಕ್ಷಾಂತರ ವೀಕ್ಷಣೆ ಬೇಕು. ಲಕ್ಷ ದಾಟಬೇಕಾದರೆ ವಿಡಿಯೊಗೆ ದುಡ್ಡು ಬೇಕು, ಆ ದುಡ್ಡಿಗೆ ಮತ್ತೆ ಆಡಿಯೊ ಕಂಪನಿಯ ಮುಂದೆ ಕೈಚಾಚಬೇಕು. ಇನ್ನು ಹನುಮಾನ್‌ಕೈಂಡ್. ಬೆಂಗಳೂರಿನಲ್ಲಿ ನೌಕರಿ ಮಾಡುತ್ತಲೇ ರ‍್ಯಾಪ್ ಹಾಡುತ್ತಿದ್ದ ಈ ಕೇರಳದ ಹುಡುಗನ 'ಬಿಗ್ ಡಾಗ್ಸ್' 2024ರಲ್ಲಿ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯ 23ನೇ ಸ್ಥಾನಕ್ಕೇರಿತು. ದೊಡ್ಡ ಕಂಪನಿಯ ದುಡ್ಡು ಸೃಜನಶೀಲತೆಯನ್ನು ಕೊಂದೇಬಿಡುತ್ತದೆ ಎನ್ನುವವರು ಪೊನ್ನಾನಿಯಲ್ಲಿ, ಸಾವಿನ ಬಾವಿಯೊಳಗೆ ತೆಗೆದ ಆ ವಿಡಿಯೊ ನೋಡಬೇಕು. ಆದರೆ ಅದು ಇಂಗ್ಲಿಷ್ ಹಾಡು. ಅದರ ಗಿರಾಕಿ ಇಡೀ ಜಗತ್ತು. ಕನ್ನಡದಲ್ಲಿ ಬರೆಯುವವನಿಗೆ ಆ ಭಾಗ್ಯವಿಲ್ಲ.

ಸಿನಿಮಾ ಮುಟ್ಟಿದ್ದೆಲ್ಲ ಹಾಳು ಎಂದೂ ಹೇಳಲಾಗದು. 2021ರ 'ಸಲಗ'ದಲ್ಲಿ ನಿರ್ದೇಶಕ ದುನಿಯಾ ವಿಜಯ್ ಮತ್ತು ಸಂಗೀತ ನಿರ್ದೇಶಕ ಚರಣ್ ರಾಜ್ ಉತ್ತರ ಕನ್ನಡದ ಸಿದ್ದಿ ಸಮುದಾಯದ ಗಾಯಕರನ್ನೇ ಮೈಕಿನ ಮುಂದೆ ನಿಲ್ಲಿಸಿದರು. ಹಾಡು ಗೆದ್ದಿತು, ಧ್ವನಿಯೂ ಅವರದಾಗಿಯೇ ಉಳಿಯಿತು. ಅದಕ್ಕೆ ಒಂದು ವರ್ಷ ಮೊದಲು, 2020ರಲ್ಲಿ, ಮಲೆ ಮಹದೇಶ್ವರ ಪರಂಪರೆಯ 'ಕೋಲುಮಂಡೆ' ಪದವನ್ನು ರ‍್ಯಾಪ್ ವಿಡಿಯೊ ಮಾಡಿದಾಗ ಶರಣೆ ಸಂಕಮ್ಮನ ಚಿತ್ರಣಕ್ಕೆ ಭಕ್ತರು ಸಿಟ್ಟಾದರು, ಚಂದನ್ ಶೆಟ್ಟಿ ಕ್ಷಮೆ ಕೇಳಿದರು. ಎರಡೂ ಕಡೆ ಇದ್ದದ್ದು ಜನಪದವೇ, ಎರಡೂ ಕಡೆ ವ್ಯಾಪಾರವೇ. ಪದ ಹಾಡಿಕೊಂಡು ಬಂದವರು ಒಂದು ಕಡೆ ಒಳಗಿದ್ದರು, ಇನ್ನೊಂದು ಕಡೆ ಹೊರಗುಳಿದರು. ವ್ಯಾಪಾರ ನಮ್ಮ ಕಲೆಗಳಿಗೆ ಹೊಸದೂ ಅಲ್ಲ. ಗುಬ್ಬಿ ವೀರಣ್ಣನವರ ಕಂಪನಿ ನಾಟಕವೂ ಟಿಕೆಟ್ ಮಾರಿಯೇ ಬದುಕಿತು, ರಂಗದ ಮೇಲೆ ಆನೆ ತಂದು ಜನ ಸೇರಿಸಿತು, ರಾಜ್‌ಕುಮಾರ್, ಬಿ.ವಿ. ಕಾರಂತರು ಅಲ್ಲಿಂದಲೇ ಬಂದರು. ಭಾವಗೀತೆಯನ್ನು ಮನೆಯೊಳಗೆ ತಂದದ್ದು 1978ರ 'ನಿತ್ಯೋತ್ಸವ'ದ ಕ್ಯಾಸೆಟ್ಟು. ಊರೂರಿನ ಟಿಕೆಟ್ಟು, ಮನೆಮನೆಯ ಕ್ಯಾಸೆಟ್ಟು ಎಂದರೆ ಸಾವಿರ ಗಿರಾಕಿಗಳು. ಒಬ್ಬ ಬೇಡವೆಂದರೆ ಇನ್ನೊಬ್ಬನಿದ್ದ.

ದಕ್ಷಿಣ ಬೆಂಗಳೂರಿಗೆ ಈ ಗುಟ್ಟು ಚೆನ್ನಾಗಿ ಗೊತ್ತು. ಚಾಮರಾಜಪೇಟೆಯ ರಾಮಸೇವಾ ಮಂಡಳಿ 1939ರಿಂದ, ಜಯನಗರ ಎಂಟನೇ ಬ್ಲಾಕಿನ ಜಯರಾಮ ಸೇವಾ ಮಂಡಳಿಯಂಥವು ಅನಂತರ, ಚಂದಾ ಎತ್ತಿ, ದಾನಿಗಳನ್ನು ಹಿಡಿದು ಕರ್ನಾಟಕ ಸಂಗೀತವನ್ನು ಸಾಕಿದವು. ಜೆಪಿ ನಗರದ ರಂಗಶಂಕರ 2004ರಿಂದ ಹೊಸ ನಾಟಕಗಳಿಗೆ ಕೈಗೆಟಕುವ ದರದಲ್ಲಿ ವೇದಿಕೆ ಕೊಟ್ಟಿದೆ. ವರ್ಣ ಹಾಡುವ ಹುಡುಗಿಗೆ ಸಭೆಯಿದೆ, ಏಕಾಂಕ ಆಡುವ ಹುಡುಗನಿಗೆ ರಂಗವಿದೆ, ಅದೇ ಬಡಾವಣೆಯ ರ‍್ಯಾಪರಿಗೆ ಮಾತ್ರ ಕೋರಮಂಗಲ, ಇಂದಿರಾನಗರದ ಪಬ್ಬುಗಳೇ ಗತಿ. ಲೈವ್ ಸಂಗೀತಕ್ಕೆ ಪರವಾನಗಿ ಬೇಕೆನ್ನುವ 2005ರ ಪೊಲೀಸ್ ಆದೇಶವನ್ನು 2018ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದ ಮೇಲೆ ಆ ಗತಿಯೂ ಕೆಲಕಾಲ ತಪ್ಪಿತ್ತು.

ಹೊಸ ಅಕಾಡೆಮಿ, ಸರ್ಕಾರಿ ಅನುದಾನ ಯಾವುದೂ ಬೇಕಿಲ್ಲ. ಬಡಾವಣೆಯ ರಾಜ್ಯೋತ್ಸವ ಸಮಿತಿಗಳಲ್ಲಿ, ಗಣೇಶನ ಮಂಡಳಿಗಳಲ್ಲಿ ಒಂದೇ ಒಂದು ಬಿನ್ನಹ. ಈ ಸಲ ಆರ್ಕೆಸ್ಟ್ರಾದ ನಡುವೆ ಅರ್ಧ ಗಂಟೆಯನ್ನು ನಿಮ್ಮದೇ ವಾರ್ಡಿನ ರ‍್ಯಾಪರುಗಳಿಗೆ ಬಿಟ್ಟುಕೊಡಿ. ಷರತ್ತು ಒಂದೇ ಇರಲಿ: ಪದ ಅವರದೇ ಆಗಿರಬೇಕು. ಕೀಬೋರ್ಡಿನವನಿಗೆ ಕೊಡುವಷ್ಟೇ ಸಂಭಾವನೆಯನ್ನು ಕವರಿನಲ್ಲಿಟ್ಟು, ಹೆಸರು ಕರೆದು ಅವರಿಗೂ ಕೊಡಿ. ಮೈಕ್ ಸೆಟ್ಟಿಗೆ ಹೇಗೂ ರಾತ್ರಿ ಹತ್ತರವರೆಗೆ ಬಾಡಿಗೆ ಕೊಟ್ಟಿರುತ್ತೀರಿ.