ಎತ್ತಿಗೆ ಜ್ವರ, ಎಮ್ಮೆಗೆ ಬರೆ

ಸಂಜೆ ಏಳು ಗಂಟೆ. ಮಹದೇವಪುರದ ಒಂದು ಸಾಮಾನ್ಯ ಮನೆಯನ್ನು ವಾಚಕರು ಕಣ್ಣ ಮುಂದೆ ತಂದುಕೊಳ್ಳಲಿ. ಹೊರವರ್ತುಲ ರಸ್ತೆಯಲ್ಲಿ ಕಛೇರಿ ಬಿಟ್ಟ ವಾಹನಗಳ ಸಾಲು. ಇತ್ತ ನಡುಮನೆಯ ಮೂಲೆಯಲ್ಲಿ ಕಂಪ್ಯೂಟರು. ಮಗಳು ಮರುದಿನ ಕಾಲೇಜಿಗೆ ಒಪ್ಪಿಸಬೇಕಾದ ಪ್ರಬಂಧವನ್ನು ಬರೆಯುತ್ತಿದ್ದಾಳೆ. ಇದ್ದಕ್ಕಿದ್ದಂತೆ ಪರದೆ ಸ್ತಬ್ಧವಾಗುತ್ತದೆ. ಬಾಣದ ಗುರುತು ಕದಲದು. ಕೀಲಿಗಳನ್ನು ಒತ್ತಿದರೆ ಉತ್ತರವಿಲ್ಲ. ಗೋಡೆಯ ಸ್ವಿಚ್ಚನ್ನೇ ಆರಿಸಿ ಮತ್ತೆ ಹಾಕಿದರೆ, ಕಪ್ಪು ಪರದೆಯ ಮೇಲೆ ಬಿಳಿಯ ಅಕ್ಷರಗಳ ಎಚ್ಚರಿಕೆ. ಗಡಿಯಾರವೋ ಎಷ್ಟೋ ವರ್ಷ ಹಿಂದಕ್ಕೆ ಓಡಿದೆ!

“ಅಪ್ಪಾ, ಡಿಸ್ಕು ಹೋಯಿತೇನೋ!” ಎನ್ನುತ್ತಾಳೆ ಮಗಳು.

“ಎಲ್ಲವನ್ನೂ ಅಳಿಸಿ ವಿಂಡೋಸನ್ನು ಹೊಸದಾಗಿ ಹಾಕಿಬಿಡಿ ಸಾರ್, ಸರಿಹೋಗುತ್ತದೆ” ಎನ್ನುತ್ತಾನೆ ಪಕ್ಕದ ಮನೆಯ ಯುವಕ.

ತಂದೆಯ ಎದೆ ಝಲ್ಲೆನ್ನುತ್ತದೆ. ಆ ಡಿಸ್ಕಿನಲ್ಲಿರುವುದು ಪ್ರಬಂಧವೊಂದೇ ಅಲ್ಲ. ತೀರಿಕೊಂಡ ಪತ್ನಿಯ ಹತ್ತು ವರ್ಷಗಳ ಭಾವಚಿತ್ರಗಳೂ ಅಲ್ಲಿಯೇ ಇವೆ. ಅವಕ್ಕೆ ಬೇರೆಲ್ಲಿಯೂ ಪ್ರತಿಯಿಲ್ಲ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ಕಂಪ್ಯೂಟರಿನ ಚಿಕಿತ್ಸೆಯಲ್ಲಿ ಈ ಗಾದೆ ನಿಜವಾಗುವಷ್ಟು ಬೇರೆಲ್ಲಿಯೂ ಆಗದು.

ಮದರ್‌ಬೋರ್ಡಿನ ಮೇಲೆ ಒಂದು ಪುಟ್ಟ ಚಿಪ್ಪು ಇರುತ್ತದೆ. ಅದರೊಳಗಿನ ಶಾಶ್ವತ ಕಾರ್ಯಸೂಚಿಯೇ ಫರ್ಮ್‌ವೇರ್. ಬಯೋಸ್ ಎಂಬ ಅದರ ಹಳೆಯ ಹೆಸರನ್ನು 1975ರಲ್ಲಿ ಗ್ಯಾರಿ ಕಿಲ್ಡಾಲ್ ಎಂಬ ಅಮೆರಿಕದ ವಿಜ್ಞಾನಿ ಬಳಕೆಗೆ ತಂದನು. ಇಂದಿನ ಯಂತ್ರಗಳಲ್ಲಿ ಯುಇಎಫ್‌ಐ ಎಂಬುದು ಅದರ ಸ್ಥಾನದಲ್ಲಿದೆ. ಮುಂಜಾನೆ ಎಲ್ಲರಿಗಿಂತ ಮೊದಲು ಬಂದು ಗುಡಿಯ ಬಾಗಿಲು ತೆರೆದು ದೀಪ ಹಚ್ಚುವ ಪರಿಚಾರಕನಂತೆ ಇದು ಮೊದಲು ಎಚ್ಚರಗೊಂಡು, ಮೆಮೊರಿ ಇದೆಯೆ, ಕೀಲಿಮಣೆ ಇದೆಯೆ, ಡಿಸ್ಕು ಇದೆಯೆ ಎಂದು ಪರೀಕ್ಷಿಸಿ, ಅನಂತರವೇ ವಿಂಡೋಸಿಗೆ ಅಧಿಕಾರವನ್ನು ಒಪ್ಪಿಸುತ್ತದೆ. ಆದುದರಿಂದ ರೋಗನಿದಾನದ ಮೊದಲ ಪ್ರಶ್ನೆ ಇಷ್ಟೆ: ಯಂತ್ರ ನಿಂತದ್ದು ಈ ಒಪ್ಪಿಸುವಿಕೆಗೆ ಮೊದಲೋ, ಆಮೇಲೋ? ಫರ್ಮ್‌ವೇರಿನ ಸ್ವಂತ ಪರದೆಯಲ್ಲಿಯೇ ಯಂತ್ರ ಸ್ತಬ್ಧವಾಗುವುದಾದರೆ, ಇನ್ನೂ ನಿದ್ರಿಸುತ್ತಿರುವ ವಿಂಡೋಸನ್ನು ದೂರಿ ಫಲವಿಲ್ಲ.

ತಪ್ಪು ಗುರಿಗೆ ಬರೆ ಬಿದ್ದ ದೊಡ್ಡ ದೃಷ್ಟಾಂತವು 2024ರಲ್ಲಿ ಲೋಕಕ್ಕೆ ದೊರೆಯಿತು. ಬೆಂಗಳೂರಿನಲ್ಲಿ ದೊಡ್ಡ ವಿನ್ಯಾಸ ಕೇಂದ್ರವುಳ್ಳ ಇಂಟೆಲ್ ಸಂಸ್ಥೆಯ ಹದಿಮೂರನೆಯ ಮತ್ತು ಹದಿನಾಲ್ಕನೆಯ ತಲೆಮಾರಿನ ಕೆಲವು ಡೆಸ್ಕ್‌ಟಾಪ್ ಪ್ರೊಸೆಸರುಗಳು ಕಾರಣ ಕಾಣದೆ ನಿಲ್ಲತೊಡಗಿದವು. ಆಟವಾಡುತ್ತಿದ್ದವರಿಗೆ ಕಂಡ ಸಂದೇಶ, ಚಿತ್ರದ ಕಾರ್ಡಿನಲ್ಲಿ ಮೆಮೊರಿ ಸಾಲದು ಎಂಬುದಾಗಿತ್ತು. ಪಾಪ, ಆ ಕಾರ್ಡು ನಿರಪರಾಧಿ! ಪ್ರೊಸೆಸರಿಗೆ ಮಿತಿಮೀರಿದ ವೋಲ್ಟೇಜು ಹರಿಯುತ್ತಿದ್ದುದೇ ನಿಜವಾದ ರೋಗವೆಂದು ಸಂಸ್ಥೆಯೇ ಸಾರಿತು. ಆಗಸ್ಟ್ ತಿಂಗಳಲ್ಲಿ ವೋಲ್ಟೇಜಿಗೆ ಕಡಿವಾಣ ಹಾಕುವ 0ಎಕ್ಸ್129 ಎಂಬ ತಿದ್ದುಪಡಿಯು ಬಯೋಸಿನ ಮೂಲಕ ಹಂಚಿಕೆಯಾಯಿತು. ಖಾತರಿಯ ಅವಧಿಯನ್ನೂ ಎರಡು ವರ್ಷ ಹೆಚ್ಚಿಸಲಾಯಿತು. ಆದರೆ ಅಷ್ಟರೊಳಗೆ ಕೆಟ್ಟುಹೋಗಿದ್ದ ಪ್ರೊಸೆಸರನ್ನು ಆ ಔಷಧ ಗುಣಪಡಿಸಲಾರದು. ರೋಗ ಬರುವ ಮುನ್ನ ಮದ್ದು ಬೇಕೆಂಬುದು ಯಂತ್ರಕ್ಕೂ ಸಲ್ಲುವ ಮಾತು.

ಹಾಗೆಂದು ಫರ್ಮ್‌ವೇರನ್ನು ಕಂಡಕಂಡಾಗ ಬದಲಿಸುವುದೂ ಜಾಣತನವಲ್ಲ. ಆ ಚಿಪ್ಪಿನ ಬರಹ ಅಳಿದರೆ ಏನಾದೀತೆಂಬುದನ್ನು 1999ರ ಏಪ್ರಿಲ್ 26ರಂದು ಜಗತ್ತು ಕಂಡಿತು. ತೈವಾನಿನ ವಿದ್ಯಾರ್ಥಿಯೊಬ್ಬ ರಚಿಸಿದ್ದ ಸಿಐಎಚ್ ಎಂಬ ವೈರಸು ಅಂದು ಎಚ್ಚೆತ್ತು, ಡಿಸ್ಕಿನ ಆರಂಭದ ಭಾಗವನ್ನು ಅಳಿಸಿದ್ದಲ್ಲದೆ, ಸಾಧ್ಯವಾದ ಕಡೆ ಬಯೋಸನ್ನೂ ಕೆಡಿಸಿತು. ಅಂಥ ಯಂತ್ರಗಳು ಗುಂಡಿ ಒತ್ತಿದರೂ ಎಚ್ಚರಗೊಳ್ಳಲಿಲ್ಲ. ಬಯೋಸನ್ನು ಬರೆಯುವ ನಡುವೆ ವಿದ್ಯುತ್ತು ಹೋದರೂ ಇದೇ ಗತಿ ಬರಬಹುದು. ಗುಡುಗು ಮಳೆಯ ಸಂಜೆ ಕರೆಂಟು ಕಣ್ಣುಮುಚ್ಚಾಲೆ ಆಡುವಾಗ ಯುಪಿಎಸ್ ಇಲ್ಲದೆ ಈ ಸಾಹಸಕ್ಕೆ ಕೈಹಾಕಬಾರದು. ಬೋರ್ಡಿನ ಹೆಸರು, ಮಾದರಿ, ಪರಿಷ್ಕರಣದ ಸಂಖ್ಯೆಗಳನ್ನು ಅಕ್ಷರಶಃ ಸರಿನೋಡಿ, ತಯಾರಕರು ಕೊಟ್ಟ ಕಡತವನ್ನೇ ಬಳಸತಕ್ಕದ್ದು.

ಇವೆಲ್ಲಕ್ಕಿಂತ ಮೊದಲನೆಯ ಕರ್ತವ್ಯ ಇನ್ನೊಂದಿದೆ. ಇಂದಿನ ಅನೇಕ ಯಂತ್ರಗಳಲ್ಲಿ ಡಿಸ್ಕಿಗೆ ಬಿಟ್‌ಲಾಕರ್ ಎಂಬ ಬೀಗವಿರುತ್ತದೆ. ಇದೆಯೆಂಬುದೇ ಯಜಮಾನನಿಗೆ ತಿಳಿದಿರುವುದಿಲ್ಲ. ಫರ್ಮ್‌ವೇರಿನ ವ್ಯವಸ್ಥೆ ಬದಲಾದೊಡನೆ ಅದು ಅನುಮಾನಗೊಂಡು 48 ಅಂಕಿಗಳ ಬೀಗದ ಸಂಖ್ಯೆಯನ್ನು ಕೇಳಬಹುದು. ಅದು ಸಾಮಾನ್ಯವಾಗಿ ಮೈಕ್ರೋಸಾಫ್ಟ್ ಖಾತೆಯಲ್ಲಿ ಉಳಿದಿರುತ್ತದೆ, ಮೊಬೈಲಿನಿಂದಲೂ ನೋಡಬಹುದು. ಅದನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳದೆ ಒಳಗಿನ ಒಂದು ತಿರುಪನ್ನೂ ಮುಟ್ಟಬಾರದು. ಬೀಗದ ಸಂಖ್ಯೆ ಕಳೆದರೆ ಯಂತ್ರ ಬದುಕಿಯೂ ಭಾವಚಿತ್ರಗಳು ಸತ್ತಂತೆಯೇ.

ಇನ್ನು ಆ ಮನೆಗೆ ಮರಳೋಣ. ತಂದೆ ಅವಸರಪಡಲಿಲ್ಲ. ಪರದೆಯ ಮೇಲಿನ ಎಚ್ಚರಿಕೆಯನ್ನು ಮೊಬೈಲಿನಲ್ಲಿ ಚಿತ್ರ ತೆಗೆದುಕೊಂಡರು. ಬೀಗದ ಸಂಖ್ಯೆಯನ್ನು ಮಗಳ ಕೈಯಲ್ಲಿ ಬರೆಸಿದರು. ಪ್ಲಗ್ಗನ್ನೇ ಕಿತ್ತು ಪೆಟ್ಟಿಗೆಯನ್ನು ತೆರೆದರೆ ಫ್ಯಾನಿನ ಮೇಲೆ ಹತ್ತಿಯಂತೆ ಧೂಳು! ಅದನ್ನು ಮೃದುವಾದ ಕುಂಚದಿಂದ ತೆಗೆದರು. ಗಡಿಯಾರ ಹಿಂದೆ ಓಡಿದುದಕ್ಕೆ ಸಿಆರ್2032 ಎಂಬ, ನಾಣ್ಯದಂಥ 3 ವೋಲ್ಟಿನ ಸೆಲ್ಲೇ ಕಾರಣ. ಗೋಡೆಯ ವಿದ್ಯುತ್ತು ಇಲ್ಲದಾಗ ಸಮಯವನ್ನು ಕಾಯುವುದು ಅದೇ. ಎಸ್.ಪಿ. ರಸ್ತೆಯವರೆಗೆ ಅಲೆಯಬೇಕಿಲ್ಲ, ಬೀದಿಯ ಕೈಗಡಿಯಾರದ ಅಂಗಡಿಯಲ್ಲೇ ಹೊಸದು ಸಿಕ್ಕಿತು. ಇನ್ನುಳಿದದ್ದು ಸ್ತಬ್ಧತೆ. ಎರಡು ಮೆಮೊರಿ ಪಟ್ಟಿಗಳಲ್ಲಿ ಒಮ್ಮೆಗೆ ಒಂದನ್ನೇ ಇಟ್ಟು ಪರೀಕ್ಷಿಸಿದರು. ಒಂದರಲ್ಲಿ ಯಂತ್ರ ಸರಾಗವಾಗಿ ನಡೆಯಿತು. ಇನ್ನೊಂದರಲ್ಲಿ, ಸ್ಥಳ ಬದಲಿಸಿ ಕೂಡಿಸಿದರೂ, ಕಾಲುಗಂಟೆಗೆ ನಿಂತಿತು. ಅಪರಾಧಿ ಸಿಕ್ಕಿತು!

ಒಂದೇ ಸಂಜೆ ಎರಡು ರೋಗಗಳು, ಎರಡು ಮದ್ದುಗಳು. ಡಿಸ್ಕಿನದೂ ವಿಂಡೋಸಿನದೂ ಏನೂ ತಪ್ಪಿರಲಿಲ್ಲ. ಕೆಟ್ಟ ಪಟ್ಟಿಯನ್ನು ಹೊರಗಿಟ್ಟ ಯಂತ್ರ ಎಚ್ಚರಗೊಂಡಾಗ ಮಗಳು ಪ್ರಬಂಧದತ್ತ ಕೈಚಾಚಿದಳು.

“ತಡಿಯಮ್ಮ” ಎಂದರು ತಂದೆ. “ಮೊದಲು ನಿನ್ನಮ್ಮನ ಚಿತ್ರಗಳನ್ನು ಇನ್ನೊಂದು ಡಿಸ್ಕಿಗೆ ಇಳಿಸು. ಪ್ರಬಂಧವನ್ನು ಮತ್ತೆ ಬರೆಯಬಹುದು.”